ಕ್ಯಾಂಡಲ್ ಮೋಟುಗಳನ್ನು ನಾನು ಬಿಸಾಡುವುದಿಲ್ಲ

ಚಿಕ್ಕಮಗಳೂರಿನ ಕಡೆ ಮಳೆಗಾಲ ಬಂತೆಂದರೆ ಕರೆಂಟನ್ನು ನಂಬಿಕೊಂಡು ಕೂರೋ ಹಾಗಿಲ್ಲ. ಗಾಳಿಗೆ ಸಿಲ್ವರ್ ಮರದ ಒಂದು ಕೊಂಬೆ ಲೈನಿನ ಮೇಲೆ ಬಿದ್ದರೆ ಸಾಕು, ತೋಟದ ಮನೆಗಳಿಗೆಲ್ಲ ರಾತ್ರಿಯಿಡೀ ಕತ್ತಲೆ. ಕ್ಯಾಂಡಲ್ ಜಾಸ್ತಿ ಉರಿಯುತ್ತದೆ, ಮೋಟುಗಳೂ ಜಾಸ್ತಿ ಉಳಿಯುತ್ತವೆ. ಅವನ್ನು ನಾನು ಡಬ್ಬದಲ್ಲಿ ಕೂಡಿಟ್ಟು, ಕರಗಿಸಿ ಹೊಸ ಕ್ಯಾಂಡಲ್ ಮಾಡಿಕೊಳ್ಳುತ್ತೇನೆ. ಉರಿದು ಹೋಗುವುದು ಬತ್ತಿಗೆ ಏರಿದ ಮೇಣ ಮಾತ್ರ. ಕೆಳಗೆ ಉಳಿದದ್ದು ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇರುತ್ತದೆ.

ಮೊದಲು ಬಿಳಿ ಮೇಣವನ್ನು ಬೇರೆ ಮಾಡುತ್ತೇನೆ. ಬಣ್ಣದ್ದೆಲ್ಲ ಸೇರಿದರೆ ಮಣ್ಣಿನ ಬಣ್ಣ ಬರುತ್ತದೆ, ಬೆಳಕಿಗೇನೂ ತೊಂದರೆಯಿಲ್ಲ.

ಮೇಣದ ಪಾತ್ರೆಯನ್ನು ನೇರವಾಗಿ ಗ್ಯಾಸ್ ಮೇಲೆ ಇಡಲೇಬಾರದು. ಅಗಲವಾದ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಮೇಣದ ಡಬ್ಬ ಇಡಬೇಕು. ಸಾಮಾನ್ಯ ಕ್ಯಾಂಡಲ್ ಮೇಣ 50ರಿಂದ 65 ಡಿಗ್ರಿಯೊಳಗೆ ಕರಗುತ್ತದೆ. ನೀರು 100 ಡಿಗ್ರಿ ದಾಟುವುದಿಲ್ಲ, ಹಾಗಾಗಿ ಮೇಣ ಹೊತ್ತಿಕೊಳ್ಳುವಷ್ಟು ಕಾಯುವುದೇ ಇಲ್ಲ. ಆದರೂ ಒಲೆ ಬಿಟ್ಟು ಕದಲಬೇಡಿ, ತಟ್ಟೆಯೊಂದು ಕೈಗೆ ಸಿಗುವಂತಿರಲಿ. ಅಕಸ್ಮಾತ್ ಬೆಂಕಿ ಹತ್ತಿದರೆ ಗ್ಯಾಸ್ ಆರಿಸಿ ತಟ್ಟೆ ಮುಚ್ಚಬೇಕು. ನೀರು ಹಾಕಿದರೆ ಉರಿಯುವ ಮೇಣ ಸಿಡಿದು ಮೈಮೇಲೆ ಬರುತ್ತದೆ.

ಕರಗಿದ್ದನ್ನು ಹಳೇ ಪಂಚೆಯ ಬಟ್ಟೆಯಲ್ಲಿ ಸೋಸುತ್ತೇನೆ. ಕರಕಲು ಬತ್ತಿ, ಕಡ್ಡಿ ಚೂರು ಎಲ್ಲ ಮೇಲೆ ನಿಲ್ಲುತ್ತದೆ. ಕಸ ಉಳಿದರೆ ಬತ್ತಿಗೆ ಮೇಣ ಸರಿಯಾಗಿ ಏರುವುದಿಲ್ಲ.

ನಿಜವಾದ ಕೆಲಸವಿರುವುದು ಬತ್ತಿಯಲ್ಲಿ. ಶುದ್ಧ ಹತ್ತಿ ದಾರವೇ ಬೇಕು. ಅನುಮಾನ ಬಂದರೆ ತುದಿ ಸುಟ್ಟು ನೋಡಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗಂಟಾಗುತ್ತದೆ. ಮೂರು ಎಳೆ ಸೇರಿಸಿ ಜಡೆ ಹೆಣೆದು, ಕರಗಿದ ಮೇಣದಲ್ಲಿ ಅದ್ದುತ್ತೇನೆ. ಸಣ್ಣ ಗುಳ್ಳೆಗಳು ಏಳುತ್ತವೆ, ದಾರದೊಳಗಿನ ಗಾಳಿ ಅದು. ಗುಳ್ಳೆ ನಿಂತ ಮೇಲೆ ತೆಗೆದು, ನೇರವಾಗಿ ಎಳೆದು ಪೇಪರ್ ಮೇಲೆ ಒಣಗಲು ಬಿಡುತ್ತೇನೆ. ನಮ್ಮ ಮಳೆಗಾಲದಲ್ಲಿ ದಾರವೂ ತಂಪು ಹಿಡಿದಿರುತ್ತದೆ, ಅದಕ್ಕೇ ಅದ್ದುವ ಮೊದಲು ಒಲೆಯ ಹತ್ತಿರ ಇಟ್ಟು ಒಣಗಿಸುವುದು ಒಳ್ಳೆಯದು. ಒದ್ದೆ ಬತ್ತಿ ಚಟಪಟ ಅನ್ನುತ್ತದೆ. ಬತ್ತಿ ದಪ್ಪವಾದರೆ ಉರಿ ಎತ್ತರಕ್ಕೆ ಹೋಗಿ ಮಸಿ ಹಿಡಿಯುತ್ತದೆ, ತೆಳುವಾದರೆ ಕರಗಿದ ಮೇಣದಲ್ಲೇ ಮುಳುಗಿ ಆರಿಹೋಗುತ್ತದೆ. ಅಗಲದ ಕ್ಯಾಂಡಲ್‌ಗೆ ದಪ್ಪ ಬತ್ತಿ, ಸಣ್ಣದಕ್ಕೆ ತೆಳು ಬತ್ತಿ.

ಅಚ್ಚಿಗೆ ಬಾಯಿ ಅಗಲವಿರುವ ಸ್ಟೀಲ್ ಲೋಟ ಸಾಕು. ಒಳಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ, ಬತ್ತಿಯನ್ನು ಒಂದು ಕಡ್ಡಿಗೆ ಕಟ್ಟಿ ನಡುವೆ ಇಳಿಬಿಟ್ಟು, ಸೋಸಿದ ಮೇಣ ಹುಯ್ಯಿರಿ. ಮೇಣ ಆರುತ್ತಾ ಕುಗ್ಗುತ್ತದೆ, ಬತ್ತಿಯ ಸುತ್ತ ಗುಳಿ ಬೀಳುತ್ತದೆ. ಅದಕ್ಕೇ ಸ್ವಲ್ಪ ಮೇಣ ಉಳಿಸಿಕೊಂಡು ಆಮೇಲೆ ಗುಳಿ ತುಂಬಬೇಕು. ತೆಂಗಿನ ಕರಟದಲ್ಲಿ ಹುಯ್ದರೆ ಚೆಂದ ಕಾಣುತ್ತದೆ ನಿಜ, ಆದರೆ ಕೊನೆಯಲ್ಲಿ ಕರಟಕ್ಕೇ ಬೆಂಕಿ ತಗುಲಬಹುದು. ಮಣ್ಣಿನ ಹಣತೆ ವಾಸಿ.

ಕೊಳಕು ಮೇಣ, ವಾಸನೆಯ ಕ್ಯಾಂಡಲ್ ಉಳಿದದ್ದು ಬಚ್ಚಲ ಒಲೆಗೆ. ಜುಲೈನಲ್ಲಿ ಸೌದೆ ಹೊತ್ತಿಸುವ ಕಷ್ಟ ಮಲೆನಾಡಿನವರಿಗೆ ಹೇಳಬೇಕಿಲ್ಲ ಅಲ್ವಾ? ರಟ್ಟಿನ ಮೊಟ್ಟೆ ಟ್ರೇಯ ಗುಳಿಗಳಿಗೆ ಒಣಗಿದ ಮರದ ಹೊಟ್ಟು ತುಂಬಿ ಮೇಲೆ ಮೇಣ ಸುರಿಯುತ್ತೇನೆ. ಆರಿದ ಮೇಲೆ ಒಂದೊಂದೇ ಗುಳಿ ಕತ್ತರಿಸಿಟ್ಟರೆ, ಹಂಡೆ ಒಲೆಗೆ ಒಂದು ತುಂಡು ಸಾಕು. ಸೀಮೆಎಣ್ಣೆ ಬೇಡ, ಊದುಗೊಳವೆ ಹಿಡಿದು ಕಣ್ಣು ಉರಿಸಿಕೊಳ್ಳುವುದೂ ಬೇಡ.

ಮೇಣದ ಡಬ್ಬವನ್ನು ಸಿಂಕಿನಲ್ಲಿ ಮಾತ್ರ ತೊಳೆಯಬೇಡಿ, ಪೈಪಿನೊಳಗೆ ಗಟ್ಟಿಯಾಗಿ ಕೂರುತ್ತದೆ. ಬಿಸಿ ಇರುವಾಗಲೇ ಪೇಪರಿನಲ್ಲಿ ಒರೆಸಿಬಿಡಿ. ಆ ಪೇಪರೂ ಒಲೆಗೇ ಆಗುತ್ತದೆ.