ಅಟ್ಟದ ಟ್ರಂಕಿನ ಬೀಗ ತೆಗೆದ ಬಗೆ

ಬಸವನಗುಡಿಯ ನಮ್ಮ ಮನೆಯಲ್ಲಿ ಅಮ್ಮನ ಹಳೇ ಟ್ರಂಕಿನ ಬೀಗದಕೈ ಕಳೆದುಹೋಗಿತ್ತು. "ಒಡೀಬೇಡ ಕಣೋ, ಅದು ತಾತ ಹಾಕಿದ ಬೀಗ" ಅಂದರು ಅಮ್ಮ. ಹಾಗಾಗಿ ಮನೆಯ ಸಾಮಾನಿನಲ್ಲೇ ಸಲಕರಣೆ ಮಾಡಿಕೊಂಡೆ.

ಮೊದಲು ಬೀಗ ಯಾವ ಥರದ್ದು ನೋಡಿ. ಒಳಗೆ ಪಿನ್ ಬದಲು ಚಪ್ಪಟೆ ತಗಡುಗಳಿರುವ ಲಿವರ್ ಬೀಗಕ್ಕೆ ಈ ದಾರಿ ಆಗುವುದಿಲ್ಲ. ನಮ್ಮದು ಪಿನ್ ಟಂಬ್ಲರ್, 1860ರ ದಶಕದಲ್ಲಿ ಲೈನಸ್ ಯೇಲ್ ಜೂನಿಯರ್ ರೂಪಿಸಿದ ಮಾದರಿ. ಒಳಗೆ ಸ್ಪ್ರಿಂಗ್ ಒತ್ತಿರುವ ಜೋಡಿ ಪಿನ್‌ಗಳ ಸಾಲು. ಪ್ರತಿ ಜೋಡಿಯ ಸಂದು, ಕೀ ಜೊತೆ ತಿರುಗುವ ಸಿಲಿಂಡರಿನ ಅಂಚಿಗೆ ಸರಿಯಾಗಿ ಬಂದರೆ ಮಾತ್ರ ಬೀಗ ತಿರುಗುತ್ತದೆ.

ಹೇರ್‌ಪಿನ್ ಬಲು ಮೆತ್ತಗೆ, ಬಾಗಿಬಿಡುತ್ತದೆ. ಹಳೇ ಕಾರ್ ವೈಪರಿನ ರಬ್ಬರ್ ಪಕ್ಕದ ಸ್ಟೀಲ್ ಪಟ್ಟಿ ನಿಜಕ್ಕೂ ಒಳ್ಳೆಯದು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವೈಪರ್ ಸಿಗುತ್ತದೆ. ಒಂದು ತುಂಡನ್ನು ತುದಿಯಲ್ಲಿ ಎಲ್ ಆಕಾರಕ್ಕೆ ಬಗ್ಗಿಸಿದೆ. ಇನ್ನೊಂದನ್ನು ಅರದಿಂದ ಉಜ್ಜಿ, ತುದಿಗೆ ಸಣ್ಣ ಕೊಕ್ಕೆ ಬಿಟ್ಟೆ.

ಜಾಣತನ ಇರುವುದು ಒತ್ತಡದಲ್ಲೇ. ಎಲ್ ಪಟ್ಟಿಯನ್ನು ಕೀ ತೂತಿಗೆ ತೂರಿಸಿ, ತುಂಬಾ ಹಗುರವಾಗಿ ತಿರುಗಿಸಿ ಹಿಡಿಯಬೇಕು. ಆಗ ಯಾವುದೋ ಒಂದು ಪಿನ್ ಉಳಿದವಕ್ಕಿಂತ ಬಿಗಿ ಅನ್ನಿಸುತ್ತದೆ. ಅದನ್ನು ಕೊಕ್ಕೆಯಿಂದ ಎತ್ತಿದರೆ ಟಿಕ್ ಅಂತ ಕೂರುತ್ತದೆ. ಆಮೇಲೆ ಮುಂದಿನ ಬಿಗಿ ಪಿನ್. ಒತ್ತಡ ಜಾಸ್ತಿಯಾದರೆ ಎಲ್ಲವೂ ಕಚ್ಚಿಕೊಳ್ಳುತ್ತವೆ. ಪೂರ್ತಿ ಬಿಟ್ಟರೆ ಮತ್ತೆ ಮೊದಲಿನಿಂದ. ಪೆನ್ಸಿಲ್ ಸೀಸದ ಪುಡಿ ಹಾಕಿದರೆ ಪಿನ್‌ಗಳು ಸಲೀಸಾಗಿ ಆಡುತ್ತವೆ.

ನಿಮ್ಮದೇ ಬೀಗಕ್ಕೆ ಮಾತ್ರ ಮಾಡಿ. ದಿನಾ ಬಳಸುವ ಬಾಗಿಲಿನ ಬೀಗದ ಮೇಲೆ ಬೇಡ, ಪಿನ್ ಹಾಳಾಗಬಹುದು. ತಾತನ ಬೀಗಕ್ಕೆ ಏನೂ ಆಗಿಲ್ಲ, ಗಾಂಧಿ ಬಜಾರಿನ ಕೀ ಮಾಡುವವರು ಅದಕ್ಕೇ ಹೊಸ ಕೀ ಕೊರೆದುಕೊಟ್ಟರು.