ತೊಗಟೆ ಒಣಗಿಸುವ ಮುಂಚೆ ಒಂದು ಮಾತು

ಔಷಧಿಗೋ ಮಸಾಲೆಗೋ ಅಂತ ಮರದಿಂದ ಬಿಡಿಸಿದ ತಕ್ಷಣ ತೊಗಟೆ ಸುಮ್ಮನಾಗುತ್ತದೆ ಅಂದುಕೊಳ್ಳಬೇಡಿ. ಎಷ್ಟೋ ಮರಗಳಲ್ಲಿ ಒಳಮೈ ಮೊದಲು ಬೆಳ್ಳಗಿರುತ್ತದೆ, ಸ್ವಲ್ಪ ಹೊತ್ತಿಗೇ ಕಂದು ಬಣ್ಣಕ್ಕೆ ತಿರುಗುತ್ತದೆ, ನೋಡಿದ್ದೀರಿ ಅಲ್ವಾ? ಒಳಗಿನ ಕಿಣ್ವಗಳು ಗಾಳಿಯ ಆಮ್ಲಜನಕ ಬಳಸಿಕೊಂಡು ಪಾಲಿಫಿನಾಲ್ ಅನ್ನುವ ಸಸ್ಯದ ರಾಸಾಯನಿಕಗಳನ್ನು ಬದಲಾಯಿಸುತ್ತಿರುವ ಗುರುತು ಅದು. ತೇವ ಇರುವಷ್ಟು ದಿನ ಈ ಕೆಲಸ ನಡೆಯುತ್ತದೆ, ಹಾಗಾಗಿ ರಾಶಿ ಹಾಕಿ ಬಿಟ್ಟರೆ ಸುಮ್ನೆ ನಷ್ಟ, ಮೇಲೆ ಬೂಷ್ಟು ಬೇರೆ.

ಹಾಗಂತ ಬೇಗ ಒಣಗಲಿ ಅಂತ ಜಾಸ್ತಿ ಬಿಸಿ ಕೊಡಬೇಡಿ. ದಾಲ್ಚಿನ್ನಿಯಂಥ ಪರಿಮಳದ ತೊಗಟೆಯನ್ನು ಓವನ್‌ನಲ್ಲಿಟ್ಟಾಗ ಮನೆಯೆಲ್ಲ ಘಮ್ ಅಂದರೆ ಖುಷಿಪಡಬೇಡಿ, ಆ ಘಮವೇ ತೊಗಟೆ ಬಿಟ್ಟು ಹೊರಟ ಎಣ್ಣೆ! ಉರಿಬಿಸಿಲೂ ಅಷ್ಟೇ, ಬೆಳಕಿಗೆ ಹಾಳಾಗುವ ಅಂಶಗಳು ಬಹಳ ಇವೆ.

ನಾನು ಮಾಡುವುದು ಇಷ್ಟು. ಹಸಿಯಿದ್ದಾಗಲೇ ತೆಳ್ಳಗೆ ಸೀಳಿ, ಜಾಲರಿಯ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡುತ್ತೇನೆ. ನೆರಳಿರಬೇಕು, ಗಾಳಿ ಆಡಬೇಕು. ಡ್ರೈಯರ್ ಆದರೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು. ಬಾಗಿಸಿದಾಗ ಚರ್ಮದ ಹಾಗೆ ಬಳುಕಿದರೆ ಇನ್ನೂ ಆಗಿಲ್ಲ, ಲಟಕ್ ಅಂತ ಮುರಿಯಬೇಕು. ಪುಡಿ ಮಾತ್ರ ಬೇಕಾದಾಗಲೇ ಮಾಡಿಕೊಳ್ಳಿ, ಗಾಳಿ ತಾಗುವ ಮೈ ಜಾಸ್ತಿಯಾದಷ್ಟೂ ಬೇಗ ಹಾಳು.

ಎಲ್ಲ ತೊಗಟೆಗೂ ತಾಜಾತನವೇ ಒಳ್ಳೆಯದು ಅಂತಲೂ ಇಲ್ಲ. ಮಲಬದ್ಧತೆಗೆ ಭೇದಿ ಮಾಡಿಸಲು ಬಳಸುವ ಕ್ಯಾಸ್ಕರಾ ಮರದ ತೊಗಟೆ ಹಸಿಯಾಗಿದ್ದರೆ ವಾಂತಿ ತರಿಸುತ್ತದೆ. ಒಣಗಿಸಿ 1 ವರ್ಷ ಇಟ್ಟ ಮೇಲೋ, ಬಿಸಿ ಮಾಡಿದ ಮೇಲೋ ಅದರಲ್ಲಿನ ಆಂಥ್ರೋನ್ ಅನ್ನುವ ತೀಕ್ಷ್ಣ ಅಂಶಗಳು ಬದಲಾಗಿ ಸೌಮ್ಯವಾಗುತ್ತವೆ.