ಮಗುವಿನ ಕಿಡ್ನಿ ಗೆಡ್ಡೆ: ಆಪರೇಷನ್‌ಗೆ ಮೊದಲು ತ್ರೀಡಿ ನಕ್ಷೆ ಹೀಗೆ ತಯಾರಾಗುತ್ತದೆ

ಮಕ್ಕಳ ಕಿಡ್ನಿ ಕ್ಯಾನ್ಸರ್‌ಗಳಲ್ಲಿ ಜಾಸ್ತಿ ಕಾಣುವುದು ವಿಲ್ಮ್ಸ್ ಗೆಡ್ಡೆ. ಹೆಚ್ಚಾಗಿ 5 ವರ್ಷದೊಳಗಿನವರಿಗೆ ಬರುತ್ತದೆ. ಒಂದೇ ಕಡೆ ಇದ್ದರೆ ಸಾಮಾನ್ಯವಾಗಿ ಆ ಕಿಡ್ನಿಯನ್ನೇ ತೆಗೆಯುತ್ತಾರೆ, ಇನ್ನೊಂದರಲ್ಲಿ ಮಗು ಚೆನ್ನಾಗಿಯೇ ಬದುಕುತ್ತದೆ. ಆದರೆ ನೂರರಲ್ಲಿ ಐದಾರು ಮಕ್ಕಳಿಗೆ ಎರಡೂ ಕಡೆ ಇರುತ್ತದೆ. ಎರಡನ್ನೂ ತೆಗೆದರೆ ಡಯಾಲಿಸಿಸ್ಸೇ ಗತಿ. ಗೆಡ್ಡೆಯನ್ನಷ್ಟೇ ಬಿಡಿಸಿ, ಒಳ್ಳೆಯ ಭಾಗ ಉಳಿಸಬೇಕು. ತ್ರೀಡಿ ಚಿತ್ರ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ.

ಮೊದಲು ಸ್ಕ್ಯಾನ್. ಇಂಥ ಮಕ್ಕಳಿಗೆ ಕೆಲವು ವಾರ ಕೀಮೋ ಕೊಟ್ಟು ಗೆಡ್ಡೆ ಕುಗ್ಗಿಸುತ್ತಾರೆ. ಆಮೇಲೆ ತೆಗೆದ ಹೊಸ ಸ್ಕ್ಯಾನೇ ಬೇಕು, ಹಳೆಯದು ನಡೆಯುವುದಿಲ್ಲ. ಸಿಟಿ ಕ್ಷಣಗಳಲ್ಲಿ ಮುಗಿಯುತ್ತದೆ, ಆದರೆ ವಿಕಿರಣ ಇದೆ. ಎಂಆರ್‌ಐನಲ್ಲಿ ವಿಕಿರಣ ಇಲ್ಲ, ಹೊತ್ತು ಜಾಸ್ತಿ. ಎರಡು ವರ್ಷದ ಮಗು ಅಷ್ಟು ಹೊತ್ತು ಸುಮ್ನೆ ಮಲಗುತ್ತದಾ? ಅದಕ್ಕೇ ಮಂಪರು ಔಷಧಿ. ರಕ್ತನಾಳಕ್ಕೆ ಚುಚ್ಚಿ ಕೊಡುವ ಕಾಂಟ್ರಾಸ್ಟ್‌ನಿಂದ (ಸ್ಕ್ಯಾನ್‌ನಲ್ಲಿ ಎದ್ದು ಕಾಣಿಸುವ ದ್ರವ) ಮೊದಲು ಅಪಧಮನಿ, ನಂತರ ಅಭಿಧಮನಿ ಹೊಳೆಯುತ್ತವೆ. ಮೂತ್ರದ ದಾರಿ ಎದ್ದು ಕಾಣಲು ಇನ್ನೂ ಕೆಲವು ನಿಮಿಷ ಬೇಕು.

ಇನ್ನು ಬಣ್ಣ ಹಚ್ಚುವ ಕೆಲಸ. ಸ್ಕ್ಯಾನ್‌ನ ಸುಮಾರು 1 ಮಿ.ಮೀ. ದಪ್ಪದ ನೂರಾರು ಪದರಗಳನ್ನು ತ್ರೀಡಿ ಸ್ಲೈಸರ್‌ನಂಥ ಸಾಫ್ಟ್‌ವೇರ್‌ಗೆ ಹಾಕುತ್ತಾರೆ. ಇದು ಉಚಿತವಾಗಿ ಸಿಗುತ್ತದೆ. ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ, ಮೂತ್ರದ ದಾರಿಗೆ ಹಳದಿ. ದೊಡ್ಡ ರಕ್ತನಾಳಗಳನ್ನು ಕಂಪ್ಯೂಟರೇ ಬಹುಮಟ್ಟಿಗೆ ಗುರುತಿಸುತ್ತದೆ. ಕಷ್ಟ ಇರುವುದು ಗೆಡ್ಡೆಯ ಅಂಚಿನಲ್ಲಿ. ಗೆಡ್ಡೆ ಒತ್ತಿ ಒತ್ತಿ ಒಳ್ಳೆಯ ಕಿಡ್ನಿ ಸಿಪ್ಪೆಯಷ್ಟು ತೆಳ್ಳಗಾಗಿರುತ್ತದೆ. ಅಲ್ಲಿ 2 ಮಿ.ಮೀ. ಆಚೀಚೆ ಬಣ್ಣ ಬಿದ್ದರೂ ಪರದೆ ಮೇಲೆ ಅಂಚು ನೀಟಾಗಿಯೇ ಕಾಣುತ್ತದೆ. ಮೋಸ ಹೋಗುವುದೇ ಅಲ್ಲಿ! ಹಾಗಾಗಿ ರೇಡಿಯಾಲಜಿಸ್ಟ್ ಮತ್ತೆ ಮೂಲ ಪದರಗಳ ಜೊತೆ ತಾಳೆ ನೋಡಲೇಬೇಕು.

ನಂತರ ಸರ್ಜನ್ ಸರದಿ. ಚಿತ್ರ ತಿರುಗಿಸಿ, ಗೆಡ್ಡೆಯನ್ನು ಮರೆಮಾಡಿ, ಯಾವ ಕವಲು ಎಲ್ಲಿಗೆ ರಕ್ತ ಒಯ್ಯುತ್ತದೆ, ಮೂತ್ರದ ದಾರಿ ಎಷ್ಟು ಹತ್ತಿರ, ಅಭಿಧಮನಿಯೊಳಗೆ ಗೆಡ್ಡೆ ನುಗ್ಗಿದೆಯಾ ಎಂದು ನೋಡುತ್ತಾರೆ. ಕತ್ತರಿಸುವ ಗೆರೆ ಎಳೆದು, ಎಷ್ಟು ಕಿಡ್ನಿ ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಇದನ್ನೇ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡುವುದೂ ಉಂಟು. ಅಪ್ಪ ಅಮ್ಮನಿಗೆ ವಿವರಿಸಲು ಅದು ಚೆನ್ನ. ಪ್ಲಾನಿಂಗ್‌ಗೆ ಎಷ್ಟೋ ಸಲ ಪರದೆಯೇ ಸಾಕು ಅನ್ನಿಸುತ್ತದೆ.

ಥಿಯೇಟರ್‌ನಲ್ಲಿ ಕಿಡ್ನಿಯನ್ನು ಸುತ್ತಲಿನಿಂದ ಬಿಡಿಸಿದಾಗ ಅದರ ಜಾಗ ಬದಲಾಗುತ್ತದೆ, ನಕ್ಷೆ ಹಾಗೇ ಹೊಂದುವುದಿಲ್ಲ. ಆಗ ಪುಟ್ಟ ಅಲ್ಟ್ರಾಸೌಂಡ್ ಪ್ರೋಬನ್ನು ಕಿಡ್ನಿಯ ಮೇಲೇ ಇಟ್ಟು ಅಂಚು ಹುಡುಕುತ್ತಾರೆ.

ಬೇರೆ ಆಸ್ಪತ್ರೆಗೆ ಹೋಗುವವರು ಸ್ಕ್ಯಾನ್ ಫಿಲ್ಮ್ ಮಾತ್ರ ಒಯ್ಯಬೇಡಿ, ಅದರಿಂದ ತ್ರೀಡಿ ಮಾಡಲಾಗದು. ತೆಳು ಪದರಗಳಿರುವ ಡೈಕಾಮ್ ಫೈಲ್‌ಗಳನ್ನು (ಸ್ಕ್ಯಾನ್‌ನ ಮೂಲ ಡಿಜಿಟಲ್ ಫೈಲ್‌ಗಳು) ಸಿಡಿಯಲ್ಲೋ ಪೆನ್‌ಡ್ರೈವ್‌ನಲ್ಲೋ ಕೇಳಿ ಪಡೆಯಿರಿ.